ಬೇಡ ಅನ್ನೋದಕ್ಕೆ ಎಷ್ಟು ಜನ ಬೇಕು?

ಒಂದು ಪ್ರಶ್ನೆ ಕೇಳಿಯೇ ಶುರು ಮಾಡ್ತೀನಿ. ನಿಮಗೆ ಬೇಡ ಅನ್ನಿಸಿದ ಒಂದು ವಸ್ತುವನ್ನು ಸುತ್ತಮುತ್ತಲಿನವರೆಲ್ಲ ಬಳಸುತ್ತಿರುವಾಗ, ನೀವೊಬ್ಬರೇ ಎಷ್ಟು ದಿನ ಬೇಡ ಅನ್ನಬಲ್ಲಿರಿ?

ವಾಟ್ಸಾಪ್ ತೆಗೆದುಹಾಕಿ, ಮೂರ್ನಾಲ್ಕು ವಾರಕ್ಕೆ ಮತ್ತೆ ಹಾಕಿಕೊಂಡ ಗೆಳೆಯರು ನನಗೆ ನಾಲ್ಕು ಜನ ಇದ್ದಾರೆ. ಅವರಲ್ಲಿ ಯಾರದೂ ದುರ್ಬಲ ಮನಸ್ಸಲ್ಲ. ಒಬ್ಬ ವರ್ಷಕ್ಕೆ ಎರಡು ಮ್ಯಾರಥಾನ್ ಓಡ್ತಾನೆ. ಇನ್ನೊಬ್ಬಳು 15 ವರ್ಷದ ಸಿಗರೇಟು ಚಟವನ್ನು ಒಂದೇ ದಿನದಲ್ಲಿ ಬಿಟ್ಟವಳು. ಸಿಗರೇಟು ಬಿಟ್ಟಾಗ ಎಲ್ಲರೂ ಅವಳನ್ನು ಹೊಗಳಿದರು. ವಾಟ್ಸಾಪ್ ಬಿಟ್ಟಾಗ ಮಗನ ಶಾಲೆಯ ನೋಟೀಸು ತಪ್ಪಿತು, ಅಪಾರ್ಟ್‌ಮೆಂಟಿನಲ್ಲಿ ನೀರು ನಿಲ್ಲಿಸ್ತಾರೆ ಅನ್ನೋದು ತಲೆಗೆ ಸೋಪು ಹಾಕಿಕೊಂಡ ಮೇಲೆ ಗೊತ್ತಾಯಿತು, ಚಿಕ್ಕಮ್ಮನ ಮಗಳ ಸೀಮಂತಕ್ಕೆ ಕರೆಯೇ ಬರಲಿಲ್ಲ. ಕೇಳಿದರೆ ‘ಗ್ರೂಪಲ್ಲಿ ಹಾಕಿದ್ವಲ್ಲೇ’ ಅಂದರಂತೆ.

ಇದನ್ನೆಲ್ಲ ಸಾಮಾನ್ಯವಾಗಿ ಇಚ್ಛಾಶಕ್ತಿಯ ವಿಷಯ ಅಂತ ಮಾತಾಡ್ತಾರೆ. ಡಿಜಿಟಲ್ ಉಪವಾಸ ಮಾಡಿ, ಆ್ಯಪ್‌ಗೆ ಬೀಗ ಹಾಕಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಉಪದೇಶ. ಇದು ಒಬ್ಬೊಬ್ಬರ ಮನಸ್ಸಿನ ವಿಷಯವೇ ಅಲ್ಲ ಅನ್ನೋದು ನನ್ನ ವಾದ. ಈ ವಾದ ನನ್ನಲ್ಲಿ ಬಲಿತದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಸ್ಟರ್ ಕೌಂಟಿಯಲ್ಲಿ, ಕುದುರೆ ಗಾಡಿಗಳ ಹಿಂದೆ ಎರಡು ದಿನ ಕಾರು ಓಡಿಸಿದಾಗ.

ಅಪ್ಪ ಆರು ತಿಂಗಳಿಗೆ ಅಂತ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ನಯಾಗರಾ, ನ್ಯೂಯಾರ್ಕ್ ಎಲ್ಲ ನೋಡಿ ಮುಗಿದಿತ್ತು. ‘ಈ ದೇಶದಲ್ಲಿ ಬೇಸಾಯ ಮಾಡೋರು ಯಾರೂ ಕಣ್ಣಿಗೇ ಬೀಳಲ್ವಲ್ಲ’ ಅಂತ ಒಂದೆರಡು ಸಲ ಗೊಣಗಿದ್ದರು. ತಿಪಟೂರು ಕಡೆಯವರು, ರಾಗಿ, ತೆಂಗು, ಎರಡು ಜೊತೆ ಎತ್ತುಗಳ ನಡುವೆ ಬೆಳೆದವರು. ಹಾಗಾಗಿ ಅಕ್ಟೋಬರಿನಲ್ಲಿ ಒಂದು ಶುಕ್ರವಾರ ರಜೆ ಹಾಕಿ ಅಪ್ಪ, 11 ವರ್ಷದ ನನ್ನ ಮಗಳು, ನಾನು ಮೂವರೂ ಹೊರಟ್ವಿ. ಎರಡೂವರೆ ಗಂಟೆಯ ದಾರಿ.

ಹೆದ್ದಾರಿಯಲ್ಲಿ ಅದೇ ಔಟ್‌ಲೆಟ್ ಮಳಿಗೆಗಳು, ಅದೇ ಬರ್ಗರ್ ಅಂಗಡಿಗಳು. ಬರ್ಡ್-ಇನ್-ಹ್ಯಾಂಡ್ ಅನ್ನೋ ಊರು ದಾಟಿ ಒಂದು ಸಣ್ಣ ರಸ್ತೆಗೆ ತಿರುಗಿದ್ದೇ ತಡ, ಮುಂದೊಂದು ಬೂದು ಬಣ್ಣದ ಗಾಡಿ. ಹಿಂಭಾಗದಲ್ಲಿ ಕಿತ್ತಳೆ ಬಣ್ಣದ ತ್ರಿಕೋನ. ‘ನಿಧಾನವಾಗಿ ಚಲಿಸುವ ವಾಹನ’ ಅಂತ ಅದರರ್ಥ. ಗಂಟೆಗೆ ಹೆಚ್ಚೆಂದರೆ 15 ಕಿಲೋಮೀಟರ್ ವೇಗ. ನಾನು ಪಕ್ಕಕ್ಕೆ ತಗೊಂಡು ಮುಂದೆ ಹೋಗೋಣ ಅಂತಿದ್ದಾಗ ಅಪ್ಪ, ‘ಏನ್ ಅರ್ಜೆಂಟು? ಹಿಂದೇನೇ ಹೋಗು’ ಅಂದರು. ಹಾಗೇ ಹೋದ್ವಿ.

ಆ ವೇಗದಲ್ಲಿ ಹೊಲ ಬೇರೆ ಥರ ಕಾಣುತ್ತೆ. ಜೋಳದ ಕಟಾವು ನಡೀತಿತ್ತು. ಕಣಜದಂಥ ದೊಡ್ಡ ಕೊಟ್ಟಿಗೆಗಳ ಗೋಡೆಯ ಹಲಗೆಗಳನ್ನು ಸ್ವಲ್ಪ ಸ್ವಲ್ಪ ತೆರೆದಿಟ್ಟು ಒಳಗೆ ಹೊಗೆಸೊಪ್ಪು ಒಣಗಲು ನೇತುಹಾಕಿದ್ದರು. ಅಂಗಳದಿಂದ ಕೊಟ್ಟಿಗೆಯ ಮಾಡಿನವರೆಗೆ ಎಳೆದ ಹಗ್ಗದ ಮೇಲೆ ನೇರಳೆ, ಹಸಿರು, ನೀಲಿ ಲಂಗಗಳು. ಅಪ್ಪ ತುಂಬ ಹೊತ್ತು ಸುಮ್ಮನಿದ್ದು, ‘ಮನೆಗಳಿಗೆ ತಂತಿನೇ ಇಲ್ಲ ನೋಡು’ ಅಂದರು. ರಸ್ತೆ ಬದಿಯ ಕಂಬದಿಂದ ಕೆಲವು ಮನೆಗೆ ತಂತಿ ಹೋಗಿತ್ತು, ಕೆಲವಕ್ಕೆ ಇಲ್ಲ. ಇರೋದನ್ನು ಜೋರಾಗಿ ಹೋಗ್ತಾನೂ ನೋಡಬಹುದು. ಏನು ಇಲ್ಲ ಅಂತ ಕಾಣಬೇಕಾದರೆ ನಿಧಾನಕ್ಕೇ ಹೋಗಬೇಕೇನೋ.

ಆಮಿಶ್ ಜನರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ, ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸೋದು ಸರಿಯಲ್ಲ, ಬುದ್ಧಿ ಬಂದ ಮೇಲೆ ಅವರವರೇ ಒಪ್ಪಿ ತೆಗೆದುಕೊಳ್ಳಬೇಕು ಅಂತ ವಾದಿಸಿದ ಕ್ರೈಸ್ತರ ಒಂದು ಗುಂಪು ಹುಟ್ಟಿತು. ಅದಕ್ಕಾಗಿ ಅವರಲ್ಲಿ ಅನೇಕರನ್ನು ಕೊಂದರು. ಅದರಲ್ಲೇ 1693ರಲ್ಲಿ ಯಾಕೋಬ್ ಅಮ್ಮಾನ್ ಅನ್ನುವವನ ಹಿಂದೆ ಒಡೆದು ಬಂದವರು ಆಮಿಶರು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದರು. ಇವತ್ತಿಗೂ ಮನೆಯಲ್ಲಿ ಜರ್ಮನ್ ಭಾಷೆಯ ಒಂದು ಉಪಭಾಷೆ ಮಾತಾಡ್ತಾರೆ. ಹೊರಗಿನವರೆಲ್ಲ ಅವರ ಬಾಯಲ್ಲಿ ‘ಇಂಗ್ಲಿಷ್’ ಜನ. ಅಂದ್ರೆ ನಮ್ಮಪ್ಪನೂ ಅಲ್ಲಿ ಇಂಗ್ಲಿಷೇ! ಉತ್ತರ ಅಮೆರಿಕದಲ್ಲಿ ಈಗ ಅವರ ಸಂಖ್ಯೆ ಮೂರೂವರೆ ಲಕ್ಷಕ್ಕೂ ಹೆಚ್ಚು, ಸುಮಾರು 20 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ. ಮ್ಯೂಸಿಯಮ್ಮಿನಲ್ಲಿ ಇಟ್ಟ ಪಳೆಯುಳಿಕೆ ಅಂದುಕೊಳ್ಳಬೇಡಿ.

ಹೊಲವೊಂದರಲ್ಲಿ ಹೇಸರಗತ್ತೆಗಳು ಒಂದು ಕಟಾವು ಯಂತ್ರವನ್ನು ಎಳೀತಾ ಇದ್ದವು. ಯಂತ್ರದ ಮೇಲೆ ಎಂಜಿನ್ ಢಬಢಬ ಅಂತಿತ್ತು. ‘ಇದು ಚೀಟಿಂಗ್ ಅಲ್ವಾ ಅಮ್ಮ?’ ಅಂದಳು ಮಗಳು. ಎಂಜಿನ್ ಬಳಸೋದಾದ್ರೆ ಸೀದಾ ಟ್ರ್ಯಾಕ್ಟರೇ ತರಬಹುದಲ್ಲ ಅಂತ ಅವಳ ತರ್ಕ.

ಇಂಥ ‘ಚೀಟಿಂಗ್’ಗಳ ಪಟ್ಟಿ ಉದ್ದ ಇದೆ. ಕಾರು ಇಟ್ಟುಕೊಳ್ಳುವ ಹಾಗಿಲ್ಲ, ಆದರೆ ಬೇರೆಯವರ ವ್ಯಾನನ್ನು ಡ್ರೈವರ್ ಸಮೇತ ಬಾಡಿಗೆಗೆ ಹಿಡಿಯಬಹುದು. ಬಸ್ಸು, ರೈಲು ಹತ್ತಬಹುದು. ಕಂಬದ ಕರೆಂಟು ಬೇಡ, ಬ್ಯಾಟರಿ ಆಗಬಹುದು. ಆ ಬೂದು ಗಾಡಿಗೂ ಬ್ಯಾಟರಿಯ ದೀಪ, ಇಂಡಿಕೇಟರ್ ಇದೆ. ಟ್ರ್ಯಾಕ್ಟರ್ ಕೊಟ್ಟಿಗೆ ಹತ್ತಿರ ನಿಂತು ಬೇರೆ ಯಂತ್ರ ತಿರುಗಿಸಬಹುದು, ಹೊಲಕ್ಕೆ ಇಳಿಯುವ ಹಾಗಿಲ್ಲ. ಲ್ಯಾಂಕಸ್ಟರಿನಲ್ಲಿ ಸೈಕಲ್ ಕೂಡ ಬೇಡ, ಕಾಲಲ್ಲಿ ತಳ್ಳಿಕೊಂಡು ಹೋಗುವ ಸ್ಕೂಟರ್ ಆಗಬಹುದು. ಫೋನು ಮನೆಯೊಳಗೆ ಬೇಡ, ಹೊಲದ ಅಂಚಿನಲ್ಲಿ ಒಂದು ಸಣ್ಣ ಮರದ ಗೂಡಿನಲ್ಲಿ ಇರಬಹುದು.

ಮೊದಲ ನೋಟಕ್ಕೆ ತಲೆಬುಡ ಇಲ್ಲ. ಎರಡು ದಿನ ಆ ಗೂಡುಗಳನ್ನು ನೋಡ್ತಾ ಹೋದರೆ ಒಂದು ಲೆಕ್ಕ ಕಾಣುತ್ತೆ. ಯಂತ್ರ ಪಾಪವೋ ಪುಣ್ಯವೋ ಅನ್ನೋದು ಅಲ್ಲಿ ಪ್ರಶ್ನೆಯಲ್ಲ. ಇದು ಕೈಗೆ ಎಷ್ಟು ಹತ್ತಿರ ಇರಬೇಕು ಅನ್ನೋದು ಪ್ರಶ್ನೆ. ಬಾಡಿಗೆ ವ್ಯಾನು ಬೇಕಾದರೆ ಮೊದಲೇ ಹೇಳಬೇಕು, ದುಡ್ಡು ಕೊಡಬೇಕು, ಅಕ್ಕಪಕ್ಕದವರ ಜೊತೆ ಹಂಚಿಕೊಂಡು ಹೋಗಬೇಕು. ಮನೆ ಮುಂದೆ ಸ್ವಂತ ಕಾರಿದ್ದರೆ ಅದ್ಯಾವುದೂ ಬೇಡ, ಸುಮ್ಮನೆ ಹೊರಟರಾಯಿತು. ಗೂಡಿನಲ್ಲಿರುವ ಫೋನಿನಿಂದ ಡಾಕ್ಟರಿಗೆ ಕರೆ ಮಾಡಬಹುದು. ಆದರೆ ಊಟಕ್ಕೆ ಕೂತಾಗ ಅದು ಕರೆದರೆ ಕೇಳಿಸಲ್ಲ. ಸ್ಕೂಟರು ಹತ್ತಿ ಪಕ್ಕದ ಊರಿಗೆ ಹೋಗಬಹುದು, ಮೂವತ್ತು ಮೈಲಿ ಹೋಗಲಾರಿರಿ.

ಇವೆಲ್ಲ ಒಂದೇ ದಿನ ಇಳಿದು ಬಂದ ಕಟ್ಟಳೆಗಳಲ್ಲ. ಮನೆಯೊಳಗಿನ ಫೋನು ಬೇಡ ಅಂತ ಲ್ಯಾಂಕಸ್ಟರಿನವರು ತೀರ್ಮಾನಿಸಿದ್ದು 1910ರ ಆಸುಪಾಸಿನಲ್ಲಿ, ಅಷ್ಟು ಹೊತ್ತಿಗೆ ಕೆಲವು ಮನೆಗಳಿಗೆ ಫೋನು ಬಂದೇ ಆಗಿತ್ತು. ಸುಮಾರು 1920ರ ಹೊತ್ತಿಗೆ ಕಂಬದ ಕರೆಂಟೂ ಬೇಡ ಅಂದರು. 1960ರ ದಶಕದ ಕೊನೆಗೆ ಡೈರಿ ಕಂಪನಿಗಳು ಹಾಲನ್ನು ದೊಡ್ಡ ಟ್ಯಾಂಕಿನಲ್ಲಿ ತಂಪು ಮಾಡಿ ಇಡದಿದ್ದರೆ ಕೊಳ್ಳಲ್ಲ ಅಂದಾಗ, ಡೀಸೆಲ್ ಎಂಜಿನ್ನಿನಿಂದ ತಂಪು ಮಾಡ್ತೀವಿ, ಆದರೆ ಭಾನುವಾರ ಹಾಲು ಒಯ್ಯಲು ಬರಬಾರದು ಅಂತ ಷರತ್ತು ಹಾಕಿ ಒಪ್ಪಿಕೊಂಡರು. ಅಂದರೆ ಅವರು ಹೊಸದನ್ನು ತಡೆಯೋದಷ್ಟೇ ಅಲ್ಲ, ಅದರ ಜೊತೆ ಚೌಕಾಶಿ ಮಾಡ್ತಾರೆ. ನಾವು ಹೊಸ ಆ್ಯಪ್ ಬಂದಾಗ ‘ಷರತ್ತುಗಳನ್ನು ಒಪ್ಪಿದ್ದೇನೆ’ ಅನ್ನೋ ಗುಂಡಿ ಒತ್ತುತ್ತೀವಿ. ಅವರು ಷರತ್ತು ಹಾಕ್ತಾರೆ.

ಇದಕ್ಕೆ ತಳಹದಿ ಕುದುರೆ. ಆಮಿಶರಿಗೆ ಚರ್ಚಿನ ಕಟ್ಟಡ ಇಲ್ಲ. ಎರಡು ವಾರಕ್ಕೊಮ್ಮೆ ಭಾನುವಾರ ಸರದಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳನ್ನು ತುಂಬಿದ ಗಾಡಿಯೊಂದು ಮನೆಯಿಂದ ಮನೆಗೆ ಹೋಗುತ್ತೆ. ಒಂದು ಸಭೆಯಲ್ಲಿ ಸಾಮಾನ್ಯವಾಗಿ 25ರಿಂದ 40 ಕುಟುಂಬ. ಒಂದು ಮನೆಯಲ್ಲಿ ಹಿಡಿಸದಷ್ಟು ಜನ ಆದರೆ ಸಭೆ ಎರಡಾಗುತ್ತೆ. ಕುದುರೆ ಗಾಡಿಯಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಎಲ್ಲರೂ ಇರಬೇಕು. ಕಾರು ಬಂದರೆ ಈ ವೃತ್ತ ಹರಿದುಹೋಗುತ್ತೆ ಅನ್ನೋದು ಅವರ ಭಯ. ಹಾಗೆ ನೋಡಿದರೆ ನಿಧಾನ ಅವರ ಗುರಿಯೇ ಅಲ್ಲ. ಹತ್ತಿರ ಇರಬೇಕು ಅಂದುಕೊಂಡರು, ಅದರ ಬೆಲೆಯಾಗಿ ನಿಧಾನ ಬಂತು.

ಶನಿವಾರ ಬೆಳಿಗ್ಗೆ ರಸ್ತೆ ಬದಿಯಲ್ಲಿ ಕುಂಬಳಕಾಯಿ, ಸೇಬಿನ ಲೇಹ್ಯ, ಕಾಕಂಬಿಯ ಸಿಹಿ ಪೈ ಮಾರುತ್ತಿದ್ದ ಒಬ್ಬ ಅಜ್ಜಿಯ ಹತ್ತಿರ ನಿಂತ್ವಿ. ಪೈ ರುಚಿ ನೋಡಿದ ಅಪ್ಪ ‘ಇದು ಬೆಲ್ಲವೇ ಕಣೋ’ ಅಂತ ಮೊಮ್ಮಗಳಿಗೆ ಹೇಳಿದರು. ಆಮೇಲೆ ನನ್ನ ಮೂಲಕ ಅಜ್ಜಿಯನ್ನು ಎಷ್ಟು ಹಸು, ಎಷ್ಟು ಹಾಲು ಅಂತೆಲ್ಲ ವಿಚಾರಿಸಿಕೊಂಡರು. ಆಕೆ ತಿರುಗಿ ಕೇಳಿದ್ದು ಒಂದೇ ಮಾತು, ‘ಮೊಮ್ಮಗಳು ನಿಮಗೆ ಹತ್ತಿರದಲ್ಲೇ ಇದ್ದಾಳಾ?’ ಎಂಟು ಸಾವಿರ ಮೈಲಿ ಅಂತ ನಾನು ಹೇಳಿದೆ. ಆಕೆ ಏನೂ ಹೇಳಲಿಲ್ಲ. ಚಿಲ್ಲರೆ ವಾಪಸ್ ಕೊಟ್ಟು, ಮಗಳ ಕೈಗೆ ಒಂದು ಸೇಬು ಇಟ್ಟಳು. ಆಕೆಯ 20ಕ್ಕೂ ಹೆಚ್ಚು ಮೊಮ್ಮಕ್ಕಳು ಕುದುರೆ ಗಾಡಿಯ ದೂರದಲ್ಲೇ ಇದ್ದರು.

ಈ ಹಂತದಲ್ಲಿ ಯಾರಾದರೂ ಭಾವುಕರಾಗೋದು ಸುಲಭ. ಲ್ಯಾಂಕಸ್ಟರಿಗೆ ವರ್ಷಕ್ಕೆ ಲಕ್ಷಗಟ್ಟಲೆ ಪ್ರವಾಸಿಗರು ಬರೋದೂ ಅದಕ್ಕೇ. ದುಡ್ಡು ಕೊಟ್ಟು ಅರ್ಧ ಗಂಟೆ ಕುದುರೆ ಗಾಡಿ ಹತ್ತಿ, ‘ಎಂಥ ಸರಳ ಬದುಕು!’ ಅಂತ ಉಸಿರು ಬಿಟ್ಟು, ಸಂಜೆ ಹೆದ್ದಾರಿ ಹಿಡೀತಾರೆ. ನನ್ನ ಕೈಯಲ್ಲೂ ಆ ಉಸಿರು ತಯಾರಾಗುತ್ತಿತ್ತೋ ಏನೋ, ಅಪ್ಪ ಬಿಡಲಿಲ್ಲ.

‘ನಮ್ಮೂರಲ್ಲೂ ಹಿಂಗೇ ಇತ್ತು. ಎತ್ತಿನ ಗಾಡಿ, ಸೀಮೆಎಣ್ಣೆ ಬುಡ್ಡಿ. ನೀನು ಇವರನ್ನ ನೋಡಿ ಬೆರಗಾಗ್ತಿದೀಯ. ನಮ್ಮನ್ನ ನೋಡಿ ಯಾರೂ ಬೆರಗಾಗ್ಲಿಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇವ್ರು ಬೇಡ ಅಂದಿದಾರೆ. ನಮಗೆ ಬರ್ಲಿಲ್ಲ, ಅಷ್ಟೆ. ಕರೆಂಟು ಬಂದು ಪಂಪ್‌ಸೆಟ್ ಹಾಕಿಸಿದ ದಿನ ನಮ್ಮಪ್ಪ ಬಾವಿ ಹತ್ರ ನಿಂತ್ಕೊಂಡು ಅತ್ತುಬಿಟ್ಟಿದ್ರು, ಖುಷಿಗೆ. ಕಪಿಲೆ ಹೊಡೆದೂ ಹೊಡೆದೂ ಸಾಕಾಗಿತ್ತು.’

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಇಲ್ಲದಿರೋದು ಬೇರೆ, ಬೇಡ ಅನ್ನೋದು ಬೇರೆ. ಆಯ್ಕೆಯೇ ಇಲ್ಲದ ನಿಧಾನವನ್ನು ಸರಳತೆ ಅಂತ ಕೊಂಡಾಡೋದು ಕ್ರೌರ್ಯ. ನೀರು ಹೊತ್ತವರ ಬೆನ್ನಿನ ಮೇಲೆ ಕವಿತೆ ಬರೆದ ಹಾಗೆ. ಬೇಡ ಅನ್ನೋದರಲ್ಲಿ ಮಾತ್ರ ನೀತಿಯ ಪ್ರಶ್ನೆ ಏಳುತ್ತೆ. ಯಾರು ಬೇಡ ಅಂದರು, ಯಾರ ಪರವಾಗಿ ಅಂದರು ಅನ್ನೋ ಪ್ರಶ್ನೆ.

ಆಮಿಶರ ಉತ್ತರ: ಎಲ್ಲರೂ ಸೇರಿ. ಅವರ ನಡಾವಳಿಗೆ ಓರ್ಡ್‌ನುಂಗ್ ಅಂತ ಹೆಸರು. ಬಹುಪಾಲು ಎಲ್ಲೂ ಬರೆದಿಟ್ಟದ್ದಲ್ಲ. ವರ್ಷಕ್ಕೆ ಎರಡು ಸಲ, ಪವಿತ್ರ ಭೋಜನದ ಮೊದಲು ನಡೆಯುವ ಸಭೆಯಲ್ಲಿ ಪ್ರತಿಯೊಬ್ಬ ಸದಸ್ಯರೂ ಈ ನಡಾವಳಿಗೆ ನಾನು ಒಪ್ಪಿದ್ದೇನೆ ಅಂತ ಹೇಳಬೇಕು. ಗಂಡಸರೂ ಹೆಂಗಸರೂ. ಒಮ್ಮತ ಇಲ್ಲದಿದ್ದರೆ ಪವಿತ್ರ ಭೋಜನವೇ ಮುಂದಕ್ಕೆ ಹೋಗಬಹುದು. ನನ್ನ ಗೆಳತಿ ವಾಟ್ಸಾಪ್ ಬಿಟ್ಟು ಸೋತದ್ದಕ್ಕೂ, ಇಲ್ಲಿನ ಹಲವು ಸಾವಿರ ಮನೆಗಳು ಕರೆಂಟಿನ ತಂತಿ ಬಿಟ್ಟು ನೂರು ವರ್ಷ ಗೆದ್ದದ್ದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಎಲ್ಲರ ಮನೆಯಲ್ಲೂ ಫೋನಿಲ್ಲದಿದ್ದರೆ ಸೀಮಂತದ ಕರೆ ಮನೆಬಾಗಿಲಿಗೇ ಬರುತ್ತೆ. ಒಬ್ಬಳೇ ಬಿಟ್ಟರೆ ಸೀಮಂತವೇ ತಪ್ಪುತ್ತೆ.

ಒಪ್ಪಂದದ ಬಲ ಎಂಥದ್ದು ಅನ್ನೋದಕ್ಕೆ ಇದೇ ಕೌಂಟಿಯಲ್ಲಿ ಇನ್ನೊಂದು ಸಾಕ್ಷಿ ಇದೆ. 2006ರ ಅಕ್ಟೋಬರ್ 2ರಂದು ನಿಕಲ್ ಮೈನ್ಸ್ ಎಂಬಲ್ಲಿನ ಒಂದೇ ಕೋಣೆಯ ಆಮಿಶ್ ಶಾಲೆಗೆ ಹೊರಗಿನವನೊಬ್ಬ ಬಂದೂಕು ಹಿಡಿದು ನುಗ್ಗಿದ. ಹತ್ತು ಹುಡುಗಿಯರಿಗೆ ಗುಂಡು ಹೊಡೆದ, ಐವರು ಸತ್ತರು, ಅವನೂ ಸತ್ತ. ಕೆಲವೇ ಗಂಟೆಗಳಲ್ಲಿ ಆಮಿಶರು ಆ ಕೊಲೆಗಾರನ ಮನೆಯವರನ್ನು ಹುಡುಕಿಕೊಂಡು ಹೋಗಿ ಸಮಾಧಾನ ಹೇಳಿದರು. ಅವನ ಶವಸಂಸ್ಕಾರಕ್ಕೆ ಬಂದವರಲ್ಲಿ ಹಲವರು ಆಮಿಶರೇ ಆಗಿದ್ದರು. ಎಲ್ಲದರಲ್ಲೂ ನಿಧಾನವಾಗಿರುವ ಜನ ಕ್ಷಮೆಯಲ್ಲಿ ಮಾತ್ರ ಅಷ್ಟು ಬೇಗ ಹೇಗೆ ಹೋದರು? ಆ ದಿನ ಒಬ್ಬೊಬ್ಬರೂ ಕೂತು ‘ಕ್ಷಮಿಸಲೋ ಬೇಡವೋ’ ಅಂತ ತೀರ್ಮಾನಿಸಬೇಕಿರಲಿಲ್ಲ ಅನ್ನೋದೇ ಉತ್ತರ ಅಂತ ನನಗನ್ನಿಸುತ್ತೆ. ಅದು ತಲೆಮಾರುಗಳ ಹಿಂದೆಯೇ ತೀರ್ಮಾನವಾಗಿತ್ತು. ಮಗಳನ್ನು ಕಳೆದುಕೊಂಡ ತಾಯಿಯ ಒಬ್ಬಂಟಿ ಮನಸ್ಸು ಹೊರಲಾಗದ ಭಾರವನ್ನು ಇಡೀ ಊರು ಹೊತ್ತಿತು.

ಇಷ್ಟಕ್ಕೇ ಬರಹ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಅದೇ ಕ್ಷಮೆಯ ನಿಯಮ ಇನ್ನೊಂದು ಕಡೆಗೂ ಕೆಲಸ ಮಾಡುತ್ತೆ. ಹುಡುಗಿಯರ ಮೇಲೆ ಮನೆಯವರಿಂದಲೇ, ನೆಂಟರಿಂದಲೇ ಆದ ದೌರ್ಜನ್ಯಗಳು ಪೊಲೀಸರ ತನಕ ಹೋಗದೆ, ಸಭೆಯ ಮುಂದೆ ತಪ್ಪೊಪ್ಪಿಗೆ, ಕೆಲವು ವಾರದ ಶಿಕ್ಷೆ, ಆಮೇಲೆ ಎಲ್ಲರೂ ಕ್ಷಮಿಸಿ ಮರೆಯಬೇಕು ಅನ್ನೋದರಲ್ಲೇ ಮುಗಿದ ಪ್ರಕರಣಗಳನ್ನು ಅಮೆರಿಕದ ಪತ್ರಕರ್ತರು ಬಯಲಿಗೆ ತಂದಿದ್ದಾರೆ. ಊರು ಸೇರಿ ಭಾರ ಹೊರುವ ಕಡೆ, ಊರು ಸೇರಿ ಬಾಯಿ ಮುಚ್ಚಿಸೋದೂ ಸಾಧ್ಯ. ಒಂದೇ ಹಗ್ಗ, ಎರಡು ಕೆಲಸ.

ಒಪ್ಪಂದ ಮುರಿದರೆ ಏನಾಗುತ್ತೆ? ದೀಕ್ಷೆ ತೆಗೆದುಕೊಂಡ ಮೇಲೆ ಮಾತು ಮುರಿದವರನ್ನು ಸಭೆಯಿಂದ ಹೊರಗಿಡ್ತಾರೆ. ಸ್ವಂತ ಅಪ್ಪ ಅಮ್ಮನೂ ಅವರ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡುವ ಹಾಗಿಲ್ಲ, ಅವರ ಕೈಯಿಂದ ಏನನ್ನೂ ತಗೊಳ್ಳುವ ಹಾಗಿಲ್ಲ. ಕನ್ನಡದಲ್ಲಿ ಇದಕ್ಕೆ ಬಹಿಷ್ಕಾರ ಅಂತೀವಿ. ಆ ಪದ ಕೇಳಿದರೆ ನಮಗೆ ಹಳ್ಳಿಯ ಸೊಗಸು ನೆನಪಾಗಲ್ಲ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವ ‘ಘಟಶ್ರಾದ್ಧ’ದ ಕಥೆ ಓದಿದ ನಾಡು ನಮ್ಮದು. ಆಮಿಶರು ಪಶ್ಚಾತ್ತಾಪಪಟ್ಟು ಬಂದವರಿಗೆ ಬಾಗಿಲು ತೆರೀತಾರೆ, ಅದು ನಿಜವಾದ ವ್ಯತ್ಯಾಸ. ಹಾಗೇ ದೀಕ್ಷೆಗೆ ಮೊದಲೇ ಬಿಟ್ಟುಹೋದವರಿಗೆ ಬಹಿಷ್ಕಾರ ಇಲ್ಲ. 16 ದಾಟಿದ ಮಕ್ಕಳಿಗೆ ಕೆಲವು ವರ್ಷ ಹೊರಗಿನ ಲೋಕ ನೋಡಲು ಸ್ವಲ್ಪ ಸಡಿಲ ಬಿಡ್ತಾರೆ. ಆಮೇಲೆ ಅವರೇ ತೀರ್ಮಾನ ಮಾಡಬೇಕು. ನೂರಕ್ಕೆ 85ರ ಆಸುಪಾಸು ಮಕ್ಕಳು ಒಳಗೇ ಉಳೀತಾರೆ.

ಇಷ್ಟು ಜನ ಉಳಿದರೆ ಅದು ಸ್ವಂತ ಆಯ್ಕೆ ತಾನೆ? ಇರಬಹುದು. ಆದರೆ ಆ ಮಕ್ಕಳು ಶಾಲೆಗೆ ಹೋಗೋದು ಎಂಟನೇ ತರಗತಿವರೆಗೆ ಮಾತ್ರ. ವಿಸ್ಕಾನ್ಸಿನ್ ರಾಜ್ಯದಲ್ಲಿ 16 ವರ್ಷದವರೆಗೆ ಶಾಲೆ ಕಡ್ಡಾಯ ಅಂತ ಕಾನೂನಿತ್ತು. ಎಂಟನೆಯದಾದ ಮೇಲೆ ಮಕ್ಕಳನ್ನು ಕಳಿಸದ ಮೂವರು ಅಪ್ಪಂದಿರಿಗೆ ತಲಾ 5 ಡಾಲರ್ ದಂಡ ಬಿತ್ತು. ಆ 5 ಡಾಲರ್ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1972ರಲ್ಲಿ ಆಮಿಶರ ಪರ ತೀರ್ಪಾಯಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಒಬ್ಬರು ಮಾತ್ರ ಭಾಗಶಃ ಭಿನ್ನಮತ ಬರೆದರು. ಅವರ ಆಕ್ಷೇಪ ಏನೆಂದರೆ, ತಂದೆಯರ ಧರ್ಮಸ್ವಾತಂತ್ರ್ಯದ ಬಗ್ಗೆ ಇಷ್ಟೆಲ್ಲ ಮಾತಾಡಿದ್ದೀರಿ, ಆ ಮಕ್ಕಳಿಗೆ ಏನು ಬೇಕು ಅಂತ ಕೇಳಬೇಕಲ್ಲವೇ? ನಾಳೆ ಆ ಮಗುವಿಗೆ ಪಿಯಾನೋ ಕಲಿಯಬೇಕು, ಗಗನಯಾತ್ರಿ ಆಗಬೇಕು ಅನ್ನಿಸಬಹುದಲ್ಲ? ಮೂವರಲ್ಲಿ ಒಬ್ಬ ಹುಡುಗಿಯನ್ನು ಮಾತ್ರ ಸಾಕ್ಷಿಕಟ್ಟೆಯಲ್ಲಿ ಕೇಳಲಾಗಿತ್ತು. ಉಳಿದ ಇಬ್ಬರನ್ನು ಕೇಳಿರಲಿಲ್ಲ.

ಈ ಕಥೆಯನ್ನು ವಾಪಸ್ ಬರುವಾಗ ಕಾರಿನಲ್ಲಿ ಅಪ್ಪನಿಗೆ ಹೇಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ಸೇಬು ತಿನ್ನುತ್ತಿದ್ದ ಮಗಳು, ‘ನನ್ನನ್ನೂ ಯಾರೂ ಕೇಳಿಲ್ಲ’ ಅಂದಳು.

ಅವಳ ಮಾತಿಗೆ ಹಿನ್ನೆಲೆ ಇದೆ. ಆರನೇ ತರಗತಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ದಿನಾ ಒಂದೇ ಜಗಳ, ಸ್ಮಾರ್ಟ್‌ಫೋನು. ‘ಎಲ್ಲರ ಹತ್ರಾನೂ ಇದೆ’ ಅನ್ನೋದು ಅವಳ ವಾದ. ಇದನ್ನು ಹಟ ಅಂತ ತಳ್ಳಿಹಾಕಲು ಬರಲ್ಲ, ಯಾಕಂದ್ರೆ ಅದು ಸತ್ಯ. ಗೆಳತಿಯರ ಇಡೀ ಲೋಕ ಆ ಫೋನಿನೊಳಗೆ ಇರುವಾಗ ಅವಳೊಬ್ಬಳಿಗೆ ಬೇಡ ಅಂದರೆ, ನಾನು ಅವಳಿಗೆ ಕೊಡುತ್ತಿರೋದು ನೆಮ್ಮದಿಯನ್ನಲ್ಲ, ಬಹಿಷ್ಕಾರವನ್ನು. ಕೊಟ್ಟರೆ ಏನು ಕೊಡ್ತಿದೀನಿ ಅನ್ನೋದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು. ಜನ ಆ್ಯಪ್ ಬಿಟ್ಟು ಹೋಗದಂತೆ ನೋಡಿಕೊಳ್ಳೋದೇ ನನ್ನ ಟೀಮಿನ ಕೆಲಸ.

ಅಮೆರಿಕದಲ್ಲಿ ಇದಕ್ಕೊಂದು ಪ್ರತಿಜ್ಞೆ ಇದೆ, ‘ವೇಟ್ ಅನ್‌ಟಿಲ್ ಎಯ್ತ್’ ಅಂತ. ಎಂಟನೇ ತರಗತಿವರೆಗೆ ಮಕ್ಕಳಿಗೆ ಸ್ಮಾರ್ಟ್‌ಫೋನು ಕೊಡಲ್ಲ ಅಂತ ಪೋಷಕರು ಸಹಿ ಹಾಕ್ತಾರೆ. 2017ರಲ್ಲಿ ಶುರುವಾಯಿತು. ಅದರ ಜಾಣತನ ಇರೋದು ಒಂದು ನಿಯಮದಲ್ಲಿ. ಒಂದೇ ಶಾಲೆಯ ಒಂದೇ ತರಗತಿಯ 10 ಕುಟುಂಬಗಳು ಸಹಿ ಹಾಕುವ ತನಕ ಆ ಪ್ರತಿಜ್ಞೆ ಜಾರಿಗೇ ಬರಲ್ಲ. ಒಬ್ಬರ ಬೇಡಕ್ಕೆ ಬೆಲೆ ಇಲ್ಲ, ಹತ್ತು ಮನೆಯ ಬೇಡಕ್ಕೆ ಇದೆ ಅನ್ನೋ ಆಮಿಶ್ ಲೆಕ್ಕವನ್ನು ಇವರು ಗಡ್ಡ, ಟೋಪಿ, ಬಿಷಪ್ ಇಲ್ಲದೆ ಹಾಕಿದ್ದಾರೆ.

ಬಿಷಪ್ ಇಲ್ಲದ ಒಪ್ಪಂದ ಗಟ್ಟಿಯಾಗಿ ನಿಲ್ಲುತ್ತಾ ಅಂತ ನೀವು ಕೇಳಬಹುದು. ನಿಲ್ಲದಿರಬಹುದು. ಹೊರಹಾಕುವ ಅಧಿಕಾರ ಇಲ್ಲದ ಕಡೆ, ಒಂದು ಮನೆಯವರು ಡಿಸೆಂಬರಿನಲ್ಲಿ ಮಗನಿಗೆ ಐಫೋನು ಕೊಡಿಸಿದರೆ ಮಾರ್ಚಿನೊಳಗೆ ಒಪ್ಪಂದ ಮುಗಿದುಹೋಗಬಹುದು. ಮುರಿಯದ ಹಾಗೆ ಬಿಗಿ ಮಾಡಿದರೆ ಅದು ನಾನು ಮೇಲೆ ಹೇಳಿದ ಹಗ್ಗವಾಗುತ್ತೆ. ಎರಡನ್ನೂ ಪೂರ್ತಿ ಪಡೆಯುವ ದಾರಿ ನನಗೆ ಕಂಡಿಲ್ಲ. ಆದ್ದರಿಂದ ಮುರಿಯಬಹುದಾದ ಒಪ್ಪಂದವೇ ಇರಲಿ ಅನ್ನೋ ಕಡೆಗೆ ನಾನು. ಮುರಿದರೆ ಮತ್ತೆ ಕೂತು ಮಾತಾಡಬಹುದು. ಕತ್ತು ಹಿಸುಕಿದ ಮೇಲೆ ಮಾತಾಡಲು ಯಾರೂ ಇರಲ್ಲ.

ಆದರೆ ಹತ್ತು ಜನ ಸೇರಿದರು ಅಂದಮಾತ್ರಕ್ಕೆ ಅವರ ‘ಬೇಡ’ ನ್ಯಾಯವಾಗಲ್ಲ. ಮೂರು ಪರೀಕ್ಷೆ ಪಾಸಾಗಬೇಕು ಅನ್ನಿಸುತ್ತೆ. ಯಾರ ಬದುಕಿಗೆ ಅದು ತಾಗುತ್ತೋ ಅವರನ್ನು ಕೇಳಿರಬೇಕು. ಬಿಟ್ಟು ಹೋಗುವವರಿಗೆ ಬಾಗಿಲು ಇರಬೇಕು, ಆ ಬಾಗಿಲಾಚೆ ಬದುಕೋಕೆ ಬೇಕಾದಷ್ಟು ಓದು, ಕಸುಬು ಕೈಯಲ್ಲಿರಬೇಕು. ನಿಯಮ ಮಾಡಿದವರೂ ಆ ನಿಯಮದೊಳಗೇ ಇರಬೇಕು. ಆಮಿಶರು ಮೂರನೆಯದರಲ್ಲಿ ನಮಗಿಂತ ಎಷ್ಟೋ ಮುಂದೆ. ಅವರ ಬಿಷಪ್ ಕೂಡ ಕುದುರೆ ಗಾಡಿಯಲ್ಲೇ ಬರಬೇಕು. ಮೊದಲನೆಯದು ಅರ್ಧ ಇದೆ. ಎರಡನೆಯದರಲ್ಲಿ ಬಾಗಿಲೇನೋ ಇದೆ, ಆದರೆ ಎಂಟನೇ ತರಗತಿ ಓದಿದ ಹುಡುಗಿಗೆ ಅದರ ಹೊಸ್ತಿಲು ತುಂಬ ಎತ್ತರ.

ಮಗಳನ್ನು ಕೂರಿಸಿಕೊಂಡೇ ಮಾತಾಡಿದ್ವಿ. ಅವಳು ಎರಡು ಷರತ್ತು ಹಾಕಿದಳು. ಆಮಿಶರ ಹಾಗೆ ವರ್ಷಕ್ಕೆ ಎರಡು ಸಲ ಮತ್ತೆ ಕೇಳಬೇಕು, ಆಗ ಅವಳು ‘ಇಲ್ಲ’ ಅನ್ನಬಹುದು, ಅಂದರೆ ಕೇಳಿಸಿಕೊಳ್ಳಬೇಕು. ಎರಡನೆಯದು, ರಾತ್ರಿ ಊಟದಿಂದ ಬೆಳಿಗ್ಗೆವರೆಗೆ ನನ್ನ ಫೋನು ಗ್ಯಾರೇಜಿನಲ್ಲಿ ಇರಬೇಕು. ‘ನಿನ್ನ ಗೂಡು’ ಅಂತ ಹೆಸರಿಟ್ಟಿದ್ದಾಳೆ. ಆಫೀಸಿನ ತುರ್ತು ಕರೆಗಳ ಸರದಿ ನನ್ನ ಮೇಲೆ ಬರುವ ವಾರಕ್ಕೆ ರಿಯಾಯಿತಿ ಕೇಳಿದೆ. ಚೌಕಾಶಿ ಇನ್ನೂ ನಡೀತಿದೆ.

ಅಪ್ಪ ಊರಿಗೆ ವಾಪಸ್ ಹೋಗಿದ್ದಾರೆ. ಅವರ ಮೊಮ್ಮಗಳು ಅವರಿಗೆ ಕಾಣಿಸೋದು ಭಾನುವಾರದ ವಿಡಿಯೋ ಕರೆಯಲ್ಲಿ ಮಾತ್ರ, ಆ ಕರೆಯನ್ನು ಬೇಡ ಅನ್ನೋ ಮಾತು ನಮ್ಮ ಮನೆಯಲ್ಲಿ ಯಾರಿಂದಲೂ ಬರಲ್ಲ. ಎಂಟು ಸಾವಿರ ಮೈಲಿ ದೂರ ಬಂದವರಿಗೆ ಫೋನು ಗೂಡಿನಲ್ಲೂ ಇರಬೇಕು, ಮೇಜಿನ ಮೇಲೂ ಇರಬೇಕು. ಯಾವಾಗ ಎಲ್ಲಿ ಅನ್ನೋದನ್ನು ನಾವೇ ಕೂತು ಗೊತ್ತುಮಾಡಬೇಕು.

ಸದ್ಯಕ್ಕೆ ಮಗಳ ತರಗತಿಯಲ್ಲಿ ಆರು ಮನೆಯವರು ಸಹಿ ಹಾಕಿದ್ದಾರೆ. ಇನ್ನೂ ನಾಲ್ಕು ಬೇಕು. ಹೋದ ವಾರ ಒಬ್ಬ ಹುಡುಗನ ತಾಯಿಗೆ ಫೋನು ಮಾಡಿದ್ದೆ. ಪೂರ್ತಿ ಕೇಳಿಸಿಕೊಂಡು, ‘ವಿಚಾರ ಸರಿಯಾಗೇ ಇದೆ. ಎಲ್ಲರೂ ಹಾಕಲಿ, ಆಮೇಲೆ ನಾವೂ ಹಾಕ್ತೀವಿ’ ಅಂದರು.